ಲೋಟದ ತಳದ ಶಾಸ್ತ್ರ

ನನ್ನ ಹೆಂಡತಿಯ ಮೇಲೆ ನನಗೊಂದು ದೂರಿದೆ. ಅವಳು ತೀರಿಕೊಂಡು ಎರಡು ತಿಂಗಳಾಯಿತು, ಆದರೂ ದೂರು ದೂರೇ.

ನಾನು ದರ್ಜಿ. ಆದರೆ ಬೆಳಗಿನ ಕಾಫಿ ಮೂವತ್ತೊಂದು ವರ್ಷವೂ ನನ್ನ ಕೈಯದೇ. ಮದುವೆಯಾದ ವಾರವೇ ಕೋಟಿನ ಒಳಪದರದ ಬಟ್ಟೆಯ ತುಂಡಿನಲ್ಲಿ ಕಾಫಿ ಸೋಸುವ ಚೀಲವೊಂದನ್ನು ಹೊಲಿದು ಅವಳಿಗೆ ಕೊಟ್ಟಿದ್ದೆ. (ಒಡವೆ ಕೊಡುವ ಗಂಡಂದಿರು ಬೇಕಾದಷ್ಟಿದ್ದಾರೆ, ಸೋಸುವ ಚೀಲ ಕೊಟ್ಟವನು ನಾನೊಬ್ಬನೇ.) ಅದು ಹರಿದಾಗಲೆಲ್ಲ ಅದೇ ಅಳತೆಯಲ್ಲಿ ಇನ್ನೊಂದು ಹೊಲಿಯುತ್ತಿದ್ದೆ.

ಅವಳಿಗೋ ಕಾಫಿಯ ಬಗ್ಗೆ ಇಲ್ಲದ ಶಾಸ್ತ್ರ. ನೊರೆ ಲೋಟದ ಅಂಚಿಗೆ ಸರಿದರೆ ನೆಂಟರು ಬರುತ್ತಾರೆ. ಎಡಕ್ಕೆ ಕದಡಿದರೆ ಜಗಳ. (ಬಲಕ್ಕೆ ಕದಡಿದ ದಿನವೂ ನಮ್ಮಲ್ಲಿ ಜಗಳಕ್ಕೇನೂ ಬರವಿರಲಿಲ್ಲ.) ಎಲ್ಲಕ್ಕಿಂತ ದೊಡ್ಡದು ಕೊನೆಯ ಗುಟುಕಿನ ಮಹಾಸೂತ್ರ: ಹೊರಗೆ ಹೊರಟವರು ಲೋಟದಲ್ಲಿ ಒಂದು ಗುಟುಕು ಬಿಡಬೇಕು, ಅವರು ಬರುವವರೆಗೆ ಆ ಲೋಟ ತೊಳೆಯಬಾರದು.

“ಬಿಡದಿದ್ರೆ ಏನಾಗುತ್ತೆ?” ಎಂದು ಕೇಳುತ್ತಿದ್ದೆ.

“ಹೋದವರು ಬರಲ್ಲ.”

“ಅಂಗಡಿ ಇರೋದು ಇದೇ ಮನೆ ಕೆಳಗೆ. ಮೆಟ್ಟಿಲು ಇಳಿದು ಹತ್ತೋಕೂ ಶಾಸ್ತ್ರಾನಾ?”

“ಬಿಡಿ ಅಂದ್ರೆ ಬಿಡಿ.”

ಬಿಡುತ್ತಿದ್ದೆ. ಬೆಳಗ್ಗೆ ಬೆಳಗ್ಗೆ ಅವಳ ಬಾಯಿಗೆ ಯಾರು ಬೀಳುತ್ತಾರೆ?

ಆಸ್ಪತ್ರೆಗೆ ಹೊರಟ ದಿನವೂ ಅವಳು ತನ್ನ ಗುಟುಕು ಬಿಟ್ಟೇ ಹೊರಟಳು. ಅವಳನ್ನು ಸೇರಿಸಿ, ಬಟ್ಟೆ ಒಯ್ಯಲು ನಾನು ಮನೆಗೆ ಬಂದೆ. ಅವಳು ಬರುವಾಗ ಅಡುಗೆಮನೆ ಚೊಕ್ಕಟವಾಗಿರಲಿ ಎಂಬ ಬುದ್ಧಿ ಆಗಲೇ ಬರಬೇಕೆ? ಜನ್ಮದಲ್ಲಿ ಪಾತ್ರೆ ತೊಳೆಯದವನು ಅವಳ ಲೋಟವನ್ನು ಸರಿಯಾಗಿ ನೋಡದೆ ನಲ್ಲಿಯ ಕೆಳಗೆ ಹಿಡಿದು, ತೊಳೆದು ಬೋರಲು ಹಾಕಿದೆ.

ಅವಳು ಬರಲಿಲ್ಲ.

ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೂ ಆ ಲೋಟ ಕಂಡಾಗಲೆಲ್ಲ ಅವಳನ್ನು ಕಳೆದವನು ನಾನೇ ಅನ್ನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ.

ಮೊನ್ನೆ ಅವಳ ತಂಗಿ ಬಂದಳು. ಕಾಫಿ ಕೊಟ್ಟು, ನಾನೂ ಒಂದು ಲೋಟ ಹಿಡಿದು ಕೂತೆ. ಅವಳೂ ಒಂದು ಗುಟುಕು ಬಿಟ್ಟಳು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಲೋಟ ತೊಳೆದ ಕಥೆಯನ್ನೆಲ್ಲ ಹೇಳಿ ಅತ್ತುಬಿಟ್ಟೆ.

ಅವಳೂ ಅತ್ತಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತಲೇ ನಗತೊಡಗಿದಳು.

“ಭಾವ, ಅಕ್ಕ ಬಿಡ್ತಿದ್ದದ್ದು ಶಾಸ್ತ್ರಕ್ಕಲ್ಲ. ತಳದಲ್ಲಿರೋದು ಬರೀ ಕಾಫಿಪುಡಿ ಚರಟ. ನಿಮ್ಮ ಚೀಲದ ಹೊಲಿಗೆ ಮೊದಲಿಂದ್ಲೂ ಸಡಿಲ.”

“ನನ್ನ ಹೊಲಿಗೇನಾ?”

“ಅಷ್ಟು ಆಸೆಯಿಂದ ಹೊಲಿದು ಕೊಟ್ಟಿದ್ದಾರೆ, ಹೇಗೆ ಹೇಳ್ಲಿ ಅಂತಿದ್ಲು. ನೀವು ತಳ ನೋಡಿದ್ರೆ ಗೊತ್ತಾಗುತ್ತಲ್ಲ, ಅದಕ್ಕೇ ಕುಡೀಬೇಡಿ, ತೊಳೀಬೇಡಿ ಅಂತ ನಿಮಗೂ ಶಾಸ್ತ್ರ ಕಟ್ಟಿದ್ಲು.”

ನನ್ನ ಲೋಟದ ಕೊನೆಯ ಗುಟುಕನ್ನು ಎತ್ತಿ ಕುಡಿದೆ. ಕೆಸರು. ಮೂವತ್ತೊಂದು ವರ್ಷ ಈ ಕಾಫಿ ಕುಡಿದು ಚೆನ್ನಾಗಿದೆ ಅಂದಿದ್ದಳು. ನನ್ನ ದೂರು ಇದೇ. ಒಂದು ದಿನ ಹೇಳಬಾರದಿತ್ತೇ? ಐದು ನಿಮಿಷದ ಕೆಲಸ.

ಇವತ್ತು ಬೆಳಗ್ಗೆ ಒತ್ತಾದ ಬಟ್ಟೆಯಲ್ಲಿ, ಎರಡು ಸುತ್ತು ಹೊಲಿಗೆ ಹಾಕಿ ಹೊಸ ಚೀಲ ಹೊಲಿದೆ. ಅಭ್ಯಾಸಬಲದಿಂದ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿದೆ. ನನ್ನದನ್ನು ತಳದವರೆಗೂ ಕುಡಿದೆ, ಚೂರೂ ಚರಟವಿಲ್ಲ. ಅವಳದು ಹಾಗೇ ಇದೆ, ಒಂದು ಗುಟುಕಲ್ಲ, ಇಡೀ ಲೋಟ.

ಶಾಸ್ತ್ರ ಸುಳ್ಳೆಂದು ಈಗ ನನಗೆ ಚೆನ್ನಾಗಿ ಗೊತ್ತು. ಮಧ್ಯಾಹ್ನ ಕಳೆಯಿತು, ಆ ಲೋಟವನ್ನು ನಾನಿನ್ನೂ ತೊಳೆದಿಲ್ಲ.