ಹತ್ತು ನಿಮಿಷ ಹರಿಬಿಟ್ಟ ನೀರಿನ ಬಗ್ಗೆ

ಮಾನ್ಯ ನೀರು ಪರೀಕ್ಷಾಧಿಕಾರಿಗಳೇ,

ತಮಗೂ ತಮ್ಮ ಕಚೇರಿಯ ಸಮಸ್ತ ಮೇಜುಗಳಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಕಾಗದ ಬರೆಯುವ ಚಪಲ ನನಗಿಲ್ಲ. ನಾಲ್ಕನೇ ತರಗತಿಗೇ ಶಾಲೆಗೆ ಕೈಮುಗಿದು ನಲವತ್ತು ವರ್ಷ ನಲ್ಲಿ, ಪೈಪು, ಬೆಸುಗೆ ಎಂದು ಬದುಕಿದವನು. ಸ್ಪ್ಯಾನರ್ ಹಿಡಿದ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಮೂರು ಸಲ ಖುದ್ದಾಗಿ ಬಂದು ಹೇಳಿದೆ. ಬಾಯಲ್ಲಿ ಹೇಳಿದ್ದು ಫೈಲಿನಲ್ಲಿ ಕೂರುವುದಿಲ್ಲ, ಬರೆದುಕೊಂಡು ಬನ್ನಿ ಎಂದರು ತಮ್ಮ ಗುಮಾಸ್ತರು. ಬರೆದಿದ್ದೇನೆ, ಕೂರಿಸಿ. ನಾಲ್ಕು ಜನ ಓದಲೆಂದು ಪತ್ರಿಕೆಗೂ ಒಂದು ಪ್ರತಿ ಕೊಟ್ಟಿದ್ದೇನೆ.

ನನ್ನ ಮೊಮ್ಮಗಳಿಗೆ ಐದು ತಿಂಗಳು. ತಾಯಿಗೆ ಹಾಲು ಸಾಲದೆ, ಡಬ್ಬಿಯ ಪುಡಿಯನ್ನು ತಮ್ಮ ನಲ್ಲಿಯ ನೀರಿನಲ್ಲಿ ಕಲಸಿ ಕುಡಿಸಿದೆವು. ಹೋದ ತಿಂಗಳು ಡಾಕ್ಟರಮ್ಮ ಮಗುವಿನ ರಕ್ತ ಪರೀಕ್ಷೆ ಮಾಡಿಸಿ ಸೀಸ ಸೇರಿದೆ ಎಂದರು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಹೆಚ್ಚುತ್ತದೆ, ಬೆಳೆಯುವ ಮಿದುಳಿಗೆ ಪೆಟ್ಟು ಎಂದೂ ಹೇಳಿದರು. ಮಗುವಿಗೆ ಒಳ್ಳೆಯದಾಗಲೆಂದು ಎರಡೆರಡು ಸಲ ಕುದಿಸುತ್ತಿದ್ದ ನನ್ನ ಸೊಸೆ ಅಂದಿನಿಂದ ಒಲೆಯ ಮುಂದೆ ನಿಲ್ಲಲು ಹೆದರುತ್ತಾಳೆ.

ದೂರು ಕೊಟ್ಟ ಮೇಲೆ ತಮ್ಮ ಸಿಬ್ಬಂದಿ ಬಂದರು. ಅಂಥ ಶುದ್ಧ ಕೆಲಸಗಾರರನ್ನು ನಾನು ಕಂಡಿಲ್ಲ. ಕೈಗೆ ಗ್ಲೌಸ್ ಹಾಕಿ, ನಲ್ಲಿಯ ಮೂತಿ ಒರೆಸಿ, ಹತ್ತು ನಿಮಿಷ ನೀರನ್ನು ಸುಮ್ಮನೆ ಹರಿಬಿಟ್ಟರು. ಯಾಕಪ್ಪಾ ಚೆಲ್ಲುತ್ತೀಯ ಎಂದೆ.

“ರಾತ್ರಿಯೆಲ್ಲ ಪೈಪಲ್ಲಿ ನಿಂತ ನೀರಲ್ವಾ ಅಜ್ಜಾ, ಅದನ್ನ ಹಿಡಿದ್ರೆ ರಿಪೋರ್ಟ್ ಕೆಟ್ಟುಹೋಗುತ್ತೆ.”

ಸೀಸ ಕರಗಿ ಸೇರುವುದು ನಿಂತ ನೀರಿಗೇ, ಬೆಳಗ್ಗೆ ಆರಕ್ಕೆ ನಮ್ಮ ಮಗು ಕುಡಿಯುತ್ತಿದ್ದುದೂ ಆ ನೀರನ್ನೇ. ಅದನ್ನು ಮೋರಿಗೆ ಬಿಟ್ಟು, ಆಮೇಲೆ ಬಂದದ್ದನ್ನು ಸೀಸೆಗೆ ತುಂಬಿ, ‘ಮಿತಿಯೊಳಗಿದೆ’ ಎಂದು ತಾವು ಸಹಿ ಹಾಕಿದ್ದೀರಿ. ಈ ವಿಧಾನ ಆಸ್ಪತ್ರೆಗಳಿಗೂ ಹರಡಲಿ. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟರೆ ಊರಲ್ಲಿ ಒಬ್ಬನಿಗೂ ಜ್ವರವಿರದು.

ಹಾಲಿನ ಪುಡಿಯ ಕಂಪನಿಯವರೂ ತಮ್ಮಷ್ಟೇ ಸಜ್ಜನರು. ಪುಡಿಯಲ್ಲಿರುವ ಸೀಸ ಮಿತಿಯೊಳಗಿದೆ, ನೀರಿನದು ನಮಗೆ ಸಂಬಂಧಿಸಿದ್ದಲ್ಲ ಎಂದು ಬರೆದಿದ್ದಾರೆ. ನೀರಿನದು ಮಿತಿಯೊಳಗಿದೆ, ಪುಡಿಯದು ನಮಗೆ ಸಂಬಂಧಿಸಿದ್ದಲ್ಲ ಎಂದು ತಾವು. ಮಿತಿಗಳು ಎರಡು, ಬಾಟಲಿ ಒಂದು. ಆದ್ದರಿಂದ ದಯಮಾಡಿ ಮಗುವಿಗೆ ಇನ್ನೊಂದು ಹೊಟ್ಟೆ ಮಂಜೂರು ಮಾಡಬೇಕು. ಜೊತೆಗೆ, ನಲ್ಲಿ ಹತ್ತು ನಿಮಿಷ ಹರಿಯುವವರೆಗೆ ಹಸಿವಾಗಬಾರದೆಂದು ಅವಳ ಹೆಸರಿಗೊಂದು ಆದೇಶ ಹೊರಡಿಸಬೇಕು. ಅವಳಿಗೆ ಓದಲು ಬಾರದು, ನಾನೇ ಓದಿ ಹೇಳುತ್ತೇನೆ.

ಒಂದು ಮಾತು ಮುಚ್ಚಿಡುವುದಿಲ್ಲ. ನಮ್ಮ ಮನೆಯ ಪೈಪಿಗೆ ಸೀಸದ ಬೆಸುಗೆ ಹಾಕಿದವನು ನಾನೇ. ಅದೇ ಗಟ್ಟಿ ಎಂದು ಆಗ ಎಲ್ಲರೂ ಹೇಳಿದರು, ತಮ್ಮ ಇಲಾಖೆ ಮುದ್ರೆಯನ್ನೂ ಒತ್ತಿತು. ನನ್ನ ಪಾಲಿನ ತಪ್ಪಿಗೆ ನಾನು ಯಾರ ಅರ್ಜಿಗೂ ಕಾಯಲಿಲ್ಲ. ಅಡುಗೆಮನೆಯ ಗೋಡೆ ಒಡೆದು, ಮೀಟರಿನವರೆಗೆ ಅಷ್ಟನ್ನೂ ಎಂಟು ದಿನದಲ್ಲಿ ಬದಲಿಸಿದೆ. ಆಮೇಲೆ ಬೆಳಗಿನ ಮೊದಲ ನೀರನ್ನು ಬೇರೆ ಲ್ಯಾಬಿನಲ್ಲಿ ತೋರಿಸಿದರೆ ಸೀಸ ಇನ್ನೂ ಇದೆ. ಮೀಟರಿನಿಂದ ರಸ್ತೆಯ ದೊಡ್ಡ ಪೈಪಿನವರೆಗೆ ಹದಿನಾಲ್ಕು ಅಡಿ ಸೀಸದ ಪೈಪು ಉಳಿದಿದೆ. ಅದು ತಮ್ಮದು. ಮಗುವಿನ ನೀರನ್ನು ಈಗ ಎರಡು ಬೀದಿಯಾಚೆಯ ಬೋರ್‌ವೆಲ್ಲಿನಿಂದ ಹೊತ್ತು ತರುತ್ತೇನೆ. ಪಕ್ಕದ ಮನೆಯ ಅವಳಿ ಕೂಸುಗಳಿಗೆ ತರುವವರಿಲ್ಲ.

ಹನ್ನೆರಡನೇ ತಾರೀಖಿನವರೆಗೆ ಮಾತ್ರ ತಮ್ಮ ವಿಶ್ವಾಸಿ,
ಪೈಪು ಕೆಲಸದ ಮುದುಕ

ವಿ.ಸೂ.: ರಸ್ತೆ ಅಗೆಯಲು ತಮ್ಮ ಅನುಮತಿ ಬೇಕೆಂದು ಬಲ್ಲೆ. ಆದರೆ ಇನ್ನೊಂದು ಅರ್ಜಿ ಬರೆಯುವಷ್ಟು ವಿದ್ಯೆ ನನಗಿಲ್ಲ, ಹದಿನಾಲ್ಕು ಅಡಿ ಅಗೆಯುವಷ್ಟು ಇದೆ. ಪೈಪು ಯಾವತ್ತು ಬದಲಿಸುತ್ತೀರಿ? ಹನ್ನೆರಡರೊಳಗೆ ಉತ್ತರ ಬೇಕು.