ಅಪ್ಪನ ವಾಲ್ಟ್ಸ್‌ಗೆ ಒಂದೇ ಕ್ಯಾಸೆಟ್

"ಈ ಗಡಿಯಾರ ಇಷ್ಟು ವರ್ಷವೂ ಹೀಗೇ ಬಡ್ಕೊಳ್ತಿತ್ತಾ?"

ಕೊಸ್ತಾಕೆ ಖಾಲಿ ಕೋಣೆಯನ್ನು ಕೇಳಿದ. ಎರವಲು ತಂದ ಟೇಪ್‌ರೆಕಾರ್ಡರಿನಲ್ಲಿ ಅವನ ಪಿಯಾನೋಗಿಂತ ಗೋಡೆಗಡಿಯಾರವೇ ಜೋರಾಗಿ ಕೇಳಿಸಿತ್ತು, ಕುದುರೆಗೆ ಲಾಳ ಹೊಡೆದ ಹಾಗೆ.

ನಾಳೆ ಅಮ್ಮ, ಮಗ ನಾಲ್ಕನೇ ಮಹಡಿಯ ಪುಟ್ಟ ಮನೆಗೆ ಹೋಗುವವರು. ಆ ಮೆಟ್ಟಿಲು ಹತ್ತಲಾರದ ಪಿಯಾನೋ ಶಾಲೆಯ ಪಾಲು. ಬದುಕಿದ್ದಾಗ ಅಪ್ಪ ದೀಪ ಹಚ್ಚುವ ಹೊತ್ತಿಗೆ ಅದರಲ್ಲಿ ತಾನೇ ಕಟ್ಟಿದ ಕುಣಿತದ ಧಾಟಿ, ಒಂದು ವಾಲ್ಟ್ಸ್, ನುಡಿಸುತ್ತಿದ್ದ. ಒಂದು ಕೀ ಎಂದೋ ಮೂಕವಾಗಿತ್ತು. ಆ ಸ್ವರ ಬಂದಾಗ ಬಾಯಲ್ಲೇ "ಹ್ಞೂಂ" ಎಂದು ತುಂಬುತ್ತಿದ್ದ. ಓಣಿಯ ಕಿಟಕಿಗಳೆಲ್ಲ ಆ "ಹ್ಞೂಂ"ಗೆ ಕಾಯುತ್ತಿದ್ದವು. ಅದನ್ನು ಹಿಡಿದಿಡಲು ಉಳಿದದ್ದು ಈ ಭಾನುವಾರ ಮಾತ್ರ. ಅಂಗಡಿಗಳು ಮುಚ್ಚಿದ್ದವು. ಇದ್ದದ್ದು ಒಂದೇ ಕ್ಯಾಸೆಟ್. ಅದರ ಹಿಂದಿನ ಮಗ್ಗುಲಲ್ಲಿ ಅಮ್ಮನ ಚರ್ಚಿನ ಸ್ತೋತ್ರ, ಮುಟ್ಟಿದರೆ ಪಾಪ.

ಅಮ್ಮ ಅಗ್ಲಾಯಾ ಚರ್ಚಿಗೆ ಹೋಗಿದ್ದಳು. ಕೊಸ್ತಾಕೆ ಗಡಿಯಾರ ನಿಲ್ಲಿಸಿದ. ದೊಡ್ಡ ಕನ್ನಡಿಗೆ ಬಡಿದು ಸದ್ದು ವಾಪಸು ಬರುತ್ತಿತ್ತು. ಅದಕ್ಕೆ ಬಿಳಿ ದುಪ್ಪಟಿ ಹೊದಿಸಿದ. ಗುಂಡಿ ಒತ್ತಿ, ಕಣ್ಣು ಮುಚ್ಚಿ, ಮೆಲ್ಲಗೆ ಶುರು ಮಾಡಿದ.

ಅವರ ಊರು ಬ್ರೆಯಿಲಾದಲ್ಲಿ ಗಡಿಯಾರ ನಿಲ್ಲಿಸಿ ಕನ್ನಡಿ ಮುಚ್ಚುವುದು ಮನೆಯಲ್ಲಿ ಸಾವಾದಾಗ ಮಾತ್ರ. ಅವನಿಗೆ ಅದು ಹೊಳೆಯಲೇ ಇಲ್ಲ. ಪಕ್ಕದ ಮನೆಯ ವಿಯೋರಿಕಾಗೆ ಹೊಳೆಯಿತು. ಚರ್ಚಿನ ಕುರ್ಚಿಯೊಂದರ ಜಗಳದಲ್ಲಿ ಅವಳು ಅಗ್ಲಾಯಾಳ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಕಿಟಕಿಯಲ್ಲಿ ಇಣುಕುವುದನ್ನು ಬಿಟ್ಟಿರಲಿಲ್ಲ.

"ಅಯ್ಯೋ ದೇವರೇ! ಅಗ್ಲಾಯಾ ಅಕ್ಕ ಹೋಗ್ಬಿಟ್ಲು!"

ಅಪ್ಪನ "ಹ್ಞೂಂ" ಬರುವ ಮೊದಲೇ ಓಣಿಯೇ ಒಳಗೆ ನುಗ್ಗಿತು, ಮೇಣದಬತ್ತಿ, ಬ್ರಾಂದಿ ಸಮೇತ.

"ಅಯ್ಯೋ, ಅದಲ್ಲ, ನಾನು ರೆಕಾರ್ಡು..."

"ಅಳು ಕಣಪ್ಪಾ, ಒಳಗೇ ಇಟ್ಕೋಬೇಡ," ಎಂದು ಟ್ರಾಮ್ ಓಡಿಸುತ್ತಿದ್ದ ಮುದುಕ ಇಯೊರ್ದಾಕೆ ಅವನ ಬಾಯಿಗೆ ಬ್ರಾಂದಿ ಸುರಿದ. "ನಮ್ಮನೆಯವಳ ಸಾರು ಕುಡಿದೂ ನಾನು ಬದುಕಿರೋದು ನಿಮ್ಮಮ್ಮ ಕದ್ದು ಕೊಡ್ತಿದ್ದ ಊಟದಿಂದ!"

ಅವನ ಹೆಂಡತಿಯ ಅಳು ಗಕ್ಕನೆ ನಿಂತಿತು.

ವಿಯೋರಿಕಾ ಟೇಪ್‌ರೆಕಾರ್ಡರಿನ ಪಕ್ಕದಲ್ಲೇ ಕೂತು ಎದೆ ಬಡಿದುಕೊಂಡಳು. "ಆ ಕುರ್ಚಿ ಅಕ್ಕಂದೇ ಕಣ್ರೋ! ತಪ್ಪು ನಂದೇ! ಅವಳ ಚೆರ್ರಿ ಜಾಮಿನ ಮುಂದೆ ನಂದು ಬರೀ ಗೋಂದು!"

"ಯಾರು ಹೋದ್ರು?"

ಬಾಗಿಲಲ್ಲಿ ಪ್ರಸಾದದ ರೊಟ್ಟಿ ಹಿಡಿದು ಅಗ್ಲಾಯಾ ನಿಂತಿದ್ದಳು. ಇಯೊರ್ದಾಕೆ ಶಿಲುಬೆಯ ಗುರುತು ಮಾಡಿಕೊಂಡ. ವಿಯೋರಿಕಾ ಧಡಕ್ಕನೆ ಎದ್ದು, "ನಾ ಹೇಳಿದ್ದೆಲ್ಲ ಸುಳ್ಳು!" ಎಂದು ಹೊರಗೆ ಓಡಿದಳು. ಉಳಿದವರೂ ತಂತಮ್ಮ ಮೇಣದಬತ್ತಿ ಆರಿಸಿಕೊಂಡು ಜಾಗ ಖಾಲಿ ಮಾಡಿದರು.

ಕೊಸ್ತಾಕೆ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಹಾಕಿದ. ವಾಲ್ಟ್ಸ್ ನಾಲ್ಕು ಹೆಜ್ಜೆ ನಡೆಯಿತು. ಆಮೇಲೆ ಬರೀ ಗೋಳು. ಅಮ್ಮ ಸ್ತೋತ್ರ ಕೇಳುವಂತೆ ಕಣ್ಣು ಮುಚ್ಚಿ ಕೇಳಿದಳು.

"ಇನ್ನೊಂದ್ಸಲ ಹಾಕು ಮಗಾ. ಆ ಕುರ್ಚಿಯ ಮಾತು."

ಹಾಕಿದ. ಮತ್ತೆ ಹಾಕಿದ. ಹೊರಗೆ ಬಿಸಿಲು ಇಳಿಯುತ್ತಿತ್ತು.

"ಅಮ್ಮಾ, ಟೇಪ್‌ರೆಕಾರ್ಡರಿನವರು ಬಂದ್ಬಿಡ್ತಾರೆ. ನಾಳೆ ಪಿಯಾನೋನೂ ಇರಲ್ಲ. ಇದರ ಮೇಲೇ ಅಪ್ಪನ ವಾಲ್ಟ್ಸ್ ತುಂಬ್ಕೊಳ್ಲಾ?"

ಅಮ್ಮ ಪಿಯಾನೋದ ಮುಚ್ಚಳವನ್ನು ಸವರಿದಳು. ಅವಳ ಕಣ್ಣಲ್ಲಿ ನೀರಾಡಿತು. ಕೊಸ್ತಾಕೆಗೆ ಆಸೆ ಚಿಗುರಿ, ಬೆರಳು ಗುಂಡಿಯತ್ತ ಹೋಯಿತು. ಅಷ್ಟರಲ್ಲಿ ಅವಳು ಕ್ಯಾಸೆಟ್ ಕಿತ್ತು ಏಪ್ರನ್ನಿನ ಜೇಬಿಗೆ ಇಳಿಸಿಯಾಗಿತ್ತು.

"ನಿಮ್ಮಪ್ಪ ದಿನಾ ನುಡಿಸ್ತಿದ್ರು, ಮಗಾ. ವಿಯೋರಿಕಾ ಇದನ್ನ ಹೇಳಿದ್ದು ಒಂದೇ ಸಲ. ಕೊಡಲ್ಲ."