ಅವಧಿಗೆ ಮುನ್ನ ಮುಗಿದ ಕೆಲಸ

ಹೇಳಿ ನೋಡೋಣ, ಹದಿನಾಲ್ಕು ವಾರದ ಕೆಲಸವನ್ನು ನಾಲ್ಕೇ ದಿನದಲ್ಲಿ ಮುಗಿಸಿದ ನನ್ನ ಮೊಮ್ಮಗಳಿಗೆ ವಿಶ್ವವಿದ್ಯಾಲಯ ಏನು ಕೊಟ್ಟಿತು? ಪದಕ? ತಪ್ಪು. ಶಹಬ್ಬಾಸ್‌ಗಿರಿ? ಅದೂ ತಪ್ಪು. ಕಾರಣ ಕೇಳುವ ನೋಟಿಸು ಕೊಟ್ಟಿತು. ಸೊಗಸಾದ ನೋಟಿಸು ಅನ್ನಿ. ಮೂರು ಸಲ ಓದಿದೆ, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಮೂವತ್ತೆಂಟು ವರ್ಷ ಕಚೇರಿಯಲ್ಲಿ ಕರಡು ತಿದ್ದಿದವನಿಗೆ ನಿವೃತ್ತಿಯಾದ ಮೇಲೆ ಇಂಥ ಸುಖ ಅಪರೂಪ.

ಸಂಗತಿ ಇಷ್ಟು. ವಿದ್ಯಾರ್ಥಿಗಳು ಗುಂಪು ಪ್ರಾಜೆಕ್ಟನ್ನು ಕೊನೆಯ ವಾರದಲ್ಲಿ ಬಾಚಿ ಕಟ್ಟುತ್ತಾರೆಂದು ವಿಶ್ವವಿದ್ಯಾಲಯವು ಅಜೈಲ್ ಎಂಬ ಚುರುಕು ಪದ್ಧತಿಯನ್ನು ಜಾರಿಗೆ ತಂದಿತು. ಚುರುಕಾಗುವುದು ಹೇಗೆಂಬ ಸುತ್ತೋಲೆ ತೊಂಬತ್ತಾರು ಪುಟ. ಎರಡು ವಾರಕ್ಕೊಂದರಂತೆ ಏಳು ಸುತ್ತು. ಕೆಲಸವನ್ನೆಲ್ಲ ಹಳದಿ ಚೀಟಿಗಳಲ್ಲಿ ಬರೆದು ಹಲಗೆಗೆ ಅಂಟಿಸತಕ್ಕದ್ದು; ಚೀಟಿಯು 'ಮಾಡಬೇಕು' ಎಂಬಲ್ಲಿಂದ 'ಆಯಿತು' ಎಂಬಲ್ಲಿಗೆ ಸರಿಯತಕ್ಕದ್ದು; ತಲಾ ಐವತ್ತು ಚೀಟಿ ಸರಿಸದವರು ಅನುತ್ತೀರ್ಣರು. ದಿನಾ ಬೆಳಿಗ್ಗೆ ಹತ್ತು ನಿಮಿಷ ಎಲ್ಲರೂ ನಿಂತೇ ಸಭೆ ನಡೆಸತಕ್ಕದ್ದು. ಸಭೆ ಎರಡು ಗಂಟೆ ಎಳೆಯುತ್ತಿದ್ದುದರಿಂದ ಮಾರ್ಗದರ್ಶಕ ಮೇಷ್ಟ್ರಿಗೆ ಮಾತ್ರ ಕುರ್ಚಿ ಮಂಜೂರಾಯಿತು.

ಮೊಮ್ಮಗಳ ಗುಂಪಿನಲ್ಲಿ ನಾಲ್ವರು. ಹಾಸ್ಟೆಲಿನ ನೀರಿನ ಟ್ಯಾಂಕು ತುಂಬಿದೊಡನೆ ಮೋಟರು ತಾನಾಗಿ ನಿಲ್ಲುವಂಥ ಯಂತ್ರ ಮಾಡಬೇಕಿತ್ತು. ಹಲಗೆಯನ್ನು ಯಾವ ಗೋಡೆಗೆ ನೇತುಹಾಕುವುದೆಂಬ ಚರ್ಚೆಯನ್ನು ಉಳಿದ ಮೂವರು ಮುಗಿಸುವಷ್ಟರಲ್ಲಿ ಇವಳು ನಮ್ಮ ಊಟದ ಮೇಜಿನ ಮೇಲೆ ಯಂತ್ರ ಮಾಡಿ, ಹಾಸ್ಟೆಲಿಗೆ ಒಯ್ದು, ಜೋಡಿಸಿಯೇಬಿಟ್ಟಳು. ಟ್ಯಾಂಕು ತುಂಬಿತು, ಮೋಟರು ನಿಂತಿತು. ಮರುದಿನ ನೋಟಿಸು ಬಂತು.

ಮೇಷ್ಟ್ರು ಗುಂಪನ್ನೆಲ್ಲ ಕೋಣೆಗೆ ಕರೆಸಿದರು. ನಾನೂ ಹಿಂದೆ ಹೋದೆ.

"ಕೆಲ್ಸ ಆಗಿದೆಯಲ್ಲ ಸಾರ್?" ಅಂದೆ.

"ಅದೇ ತೊಂದ್ರೆ ಯಜಮಾನ್ರೇ. ಏಳು ಸುತ್ತು ಪ್ರಗತಿ ತೋರಿಸ್ಬೇಕು. ಮುಗಿದ ಕೆಲ್ಸದಲ್ಲಿ ಪ್ರಗತಿ ಎಲ್ಲಿಂದ ತರ್ತೀರಿ? ನಿಯಮ ಹತ್ತೊಂಬತ್ತು ನೋಡಿ. ಅವಧಿಗೆ ಮುನ್ನ ಮುಗಿದ ಕೆಲಸವನ್ನು ಆರಂಭವಾಗದ ಕೆಲಸವೆಂದು ಪರಿಗಣಿಸತಕ್ಕದ್ದು. ಇವಳು ಫೇಲು. ಒಂದು ವರ್ಷ ಹೋಯ್ತು."

ಮೊಮ್ಮಗಳ ಕಣ್ಣು ತುಂಬಿತು. ಗುಂಪಿನ ಉದ್ದನೆಯ ಹುಡುಗ, ಎಲ್ಲರೂ ಕಂಬ ಅಂತ ಕರೆಯುವವನು, ಅವಳ ಮೇಲೇ ಹರಿಹಾಯ್ದ.

"ನಿಂಗೇನಮ್ಮ ಅವಸರ? ನಮ್ಗೆ ಸರಿಸೋಕೆ ಒಂದು ಚೀಟಿನಾದ್ರೂ ಬಿಟ್ಟ್ಯಾ?"

"ನೀವು ಗೋಡೆ ಹುಡುಕ್ತಾ ಇದ್ರಲ್ಲೋ!"

"ಅದಕ್ಕೂ ಚೀಟಿ ಇತ್ತು ಕಣೇ. ನಮ್ಮ ಪಾಲಿಗೆ ಮುಗಿದಿರೋದು ಅದೊಂದೇ."

ಆಗ ದಾರಿ ಹೊಳೆದದ್ದು, ನಾನೇ ಹೇಳಿಕೊಳ್ಳಬಾರದು, ನನಗೇ. "ಸಾರ್, ಬಿಚ್ಚೋದೂ ಕೆಲ್ಸವೇ ಅಲ್ವಾ?"

ಮೇಷ್ಟ್ರು ತೊಂಬತ್ತಾರು ಪುಟ ತಿರುವಿದರು. ಕಟ್ಟುವುದು ಮಾತ್ರವೇ ಕೆಲಸವೆಂದು ಎಲ್ಲೂ ಬರೆದಿರಲಿಲ್ಲ.

ಅಲ್ಲಿಂದ ಚುರುಕೋ ಚುರುಕು. ಯಂತ್ರವನ್ನು ಕೆಳಗಿಳಿಸಲಾಯಿತು. ಒಂದು ತಿರುಪು ಬಿಚ್ಚಿದರೆ ಒಂದು ಚೀಟಿ, ಅದನ್ನು ಡಬ್ಬಿಗೆ ಹಾಕಿದರೆ ಇನ್ನೊಂದು. ಕಂಬ ಒಂದೇ ಮುಚ್ಚಳದ ಮೇಲೆ ಮೂರು ವಾರ ದುಡಿದ. ಅತ್ತ ಟ್ಯಾಂಕು ಉಕ್ಕಿ ಹಾಸ್ಟೆಲಿನ ಮೆಟ್ಟಿಲುಗಳ ಮೇಲೆ ನೀರು ಇಳಿಯಿತು. ವಾರ್ಡನ್ ದೂರು ಕೊಟ್ಟರು. ಸದರಿ ದೂರನ್ನು ಬಳಕೆದಾರರ ಪ್ರತಿಕ್ರಿಯೆ ಎಂದು ದಾಖಲಿಸಿ, ಗುಂಪಿಗೆ ಹೆಚ್ಚುವರಿ ಐದು ಅಂಕ ನೀಡಲಾಯಿತು.

ಕೊನೆಯ ಸುತ್ತಿಗೆ ಹೊರಗಿನ ಪರೀಕ್ಷಕರು ಬಂದರು. ಹಲಗೆಯ ಮೇಲೆ ಇನ್ನೂರ ಹನ್ನೆರಡು ಚೀಟಿ, ಎಲ್ಲವೂ 'ಆಯಿತು' ಎಂಬಲ್ಲಿ. ಮೇಜಿನ ಮೇಲೆ ಡಬ್ಬಿ. ಪರೀಕ್ಷಕರು ಡಬ್ಬಿ ಅಲ್ಲಾಡಿಸಿ ನೋಡಿದರು.

"ಇದು ಕೆಲ್ಸ ಮಾಡುತ್ತೇನಮ್ಮ?"



"ಮೊದ್ಲು ಮಾಡ್ತಿತ್ತು ಸಾರ್," ಅಂದಳು ಮೊಮ್ಮಗಳು. "ಈಗ ನಿಯಮದ ಪ್ರಕಾರ ಇದೆ."

ಪರೀಕ್ಷಕರು ಎದ್ದು ನಿಂತು ಅವಳ ಕೈಕುಲುಕಿದರು. ನೂರಕ್ಕೆ ತೊಂಬತ್ತೊಂಬತ್ತು! ಡಬ್ಬಿಯ ತಳದಲ್ಲಿ ಎರಡು ತಂತಿ ಇನ್ನೂ ಒಂದಕ್ಕೊಂದು ಸೇರಿಕೊಂಡೇ ಇದ್ದುದರಿಂದ ಒಂದು ಅಂಕ ಹೋಗಿತ್ತು. ಕಂಬ ಓಡಿಬಂದು ಅವನ್ನು ಬೇರ್ಪಡಿಸಿ ಗುಂಪಿನ ಪರವಾಗಿ ಕ್ಷಮೆ ಕೇಳಿದ. ಆ ಒಂದನ್ನೂ ಸೇರಿಸಲಾಯಿತು. ಮೇಷ್ಟ್ರು, ಮಕ್ಕಳು, ವಾರ್ಡನ್, ನಾನು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಕಚೇರಿಯ ಹಳೇ ಚಾಳಿ, ಕಡತಕ್ಕಿರಲೆಂದು ತಾರೀಖನ್ನೂ ಬರೆದಿಡುತ್ತೇನೆ: ಅಂದು ಫೆಬ್ರವರಿ ಹನ್ನೊಂದು, ಬುಧವಾರ.